ಚುಕ್ಕಿ ಅಳಿಸಿದರೆ ದಾರಿ ಮುಚ್ಚುವುದಿಲ್ಲ

"ಮೇಡಂ, ಡಾಟ್ ಡಾಟ್ ಸ್ಲ್ಯಾಶ್ ಬಂದ್ರೆ ತೆಗೆದುಬಿಡ್ತೀವಿ. ಅಲ್ಲಿ ಏನೂ ತೊಂದ್ರೆ ಇಲ್ಲ." ಬೇರೆಯವರು ಬರೆದ ಕೋಡ್ ಪರಿಶೀಲಿಸುವ ಕೋಡ್ ರಿವ್ಯೂಗೆ ಕೂತಾಗ ಈ ಮಾತು ಕಿವಿಗೆ ಬೀಳದ ತಿಂಗಳಿಲ್ಲ. ಹೇಳುವ ಹುಡುಗರು ದಡ್ಡರಲ್ಲ, ನಿದ್ದೆಗೆಟ್ಟು ಸೈಟ್ ಕಟ್ಟಿ ನಿಲ್ಲಿಸಿದವರು. ಆ ಒಂದು ಸಾಲನ್ನು ಅವರು ಅಷ್ಟು ನಂಬಿಕೊಂಡಿರುವುದು ನೋಡಿದಾಗಲೆಲ್ಲ ನನಗೆ ಎದೆ ಧಸಕ್ ಅನ್ನುತ್ತದೆ.

ಬ್ರೌಸರ್ ಕಳಿಸಿದ ಫೈಲಿನ ಹೆಸರನ್ನು ಸರ್ವರ್ ತನ್ನ '/ಡೇಟಾ/ಬಿಲ್/' ಎಂಬ ಫೋಲ್ಡರ್ ವಿಳಾಸದ ಬಾಲಕ್ಕೆ ಅಂಟಿಸಿ ಫೈಲ್ ತೆರೆದರೆ ಏನಾಗುತ್ತದೆ ನೋಡಿ. ಹೆಸರಿನೊಳಗೆ '../' (ಒಂದು ಫೋಲ್ಡರ್ ಮೇಲಕ್ಕೆ ಹೋಗು ಎಂಬ ಗುರುತು) ತುರುಕಿದವನು ಬಿಲ್ ಫೋಲ್ಡರ್‌ನಿಂದ ಮೇಲೆ ಹತ್ತಿ, ಸರ್ವರ್‌ನ ಬೇರೆ ಮೂಲೆಗೆ ಇಳಿಯುತ್ತಾನೆ. ಆದ್ದರಿಂದ ಅದನ್ನು ಅಳಿಸಿದರೆ ಸಾಕು ಎಂಬ ತೀರ್ಮಾನಕ್ಕೆ ಬರುತ್ತಾರೆ. ನನ್ನ ತಕರಾರು ಇಲ್ಲಿಂದಲೇ ಶುರು.

ಒಂದು ಕಾಗದ ತಗೊಳ್ಳಿ. ನಾಲ್ಕು ಚುಕ್ಕಿ, ಎರಡು ಸ್ಲ್ಯಾಶ್ ಬರೆಯಿರಿ: '....//'. ಈಗ ನಡುವಿನ '../' ಅಷ್ಟನ್ನು ಹೊಡೆದುಹಾಕಿ. ಮೊದಲಿನ ಎರಡು ಚುಕ್ಕಿ, ಕೊನೆಯ ಒಂದು ಸ್ಲ್ಯಾಶ್ ಉಳಿದವು. ಎರಡನ್ನೂ ಕೂಡಿಸಿ ಓದಿ: '../'. ಒಳನುಗ್ಗುವವನಿಗೆ ಬೇಕಾದದ್ದನ್ನು ನಿಮ್ಮ ಕೋಡೇ ಕಟ್ಟಿಕೊಟ್ಟಿತು.

ಇದನ್ನು ತೋರಿಸಿದ ಮೇಲೆ "ಒಂದೂ ಉಳಿಯದ ತನಕ ಅಳಿಸ್ತಾ ಹೋಗ್ತೀವಿ" ಅನ್ನುತ್ತಾರೆ. ಚುಕ್ಕಿಯೇ ಇಲ್ಲದ ಹೆಸರು ಬಂದರೆ? ಪೈಥಾನ್‌ನಲ್ಲಿ ಪಾತ್ (ಫೈಲಿಗೆ ಹೋಗುವ ದಾರಿ) ಜೋಡಿಸುವ ಫಂಕ್ಷನ್‌ಗೆ ಕೊಟ್ಟ ಎರಡನೆಯ ಭಾಗ ಸ್ಲ್ಯಾಶ್‌ನಿಂದ ಶುರುವಾದರೆ, ಅದು ಮೊದಲನೆಯ ಭಾಗವನ್ನು ಪೂರ್ತಿ ಕೈಬಿಡುತ್ತದೆ. '/ಡೇಟಾ/ಬಿಲ್' ಅಲ್ಲಿಗೇ ಮಾಯ. ಇದು ಅದರ ದೋಷವೂ ಅಲ್ಲ, ಕೈಪಿಡಿಯಲ್ಲೇ ಹಾಗೆ ಬರೆದಿದೆ. ವಿಂಡೋಸ್ ಸರ್ವರ್ ಆದರೆ ಹಿಂದಕ್ಕೆ ವಾಲಿದ ಸ್ಲ್ಯಾಶ್ ಕೂಡ ಅದೇ ಕೆಲಸ ಮಾಡುತ್ತದೆ.

ಊರಲ್ಲಿ ದಾರಿ ಕೇಳಿದರೆ "ಅರಳಿಕಟ್ಟೆ ತನಕ ಹೋಗಿ, ಹಾಲಿನ ಡೈರಿ ಸಿಕ್ಕಿದ್ರೆ ಮುಂದೆ ಬಂದ್ರಿ ಅಂತ ಅರ್ಥ, ಹಿಂದಕ್ಕೆ ತಿರುಗಿ" ಎಂದು ಹೇಳುತ್ತಾರಲ್ಲ, ಪಾತ್ ಕೂಡ ಅಂಥದೇ ಮಾತು. ಒಂದೇ ಮನೆಗೆ ಹತ್ತು ಥರ ದಾರಿ ಹೇಳಬಹುದು. ಹೇಳಿದ ಮಾತಿನಲ್ಲಿ 'ಹಿಂದಕ್ಕೆ' ಎಂಬ ಪದವಿದೆಯೇ ಎಂದು ಹುಡುಕುತ್ತ ಕೂತರೆ ಹೋದವನು ಎಲ್ಲಿ ತಲುಪಿದ ಎಂಬುದು ತಿಳಿಯುವುದಿಲ್ಲ. ನಡೆದು ಹೋಗಿ, ಯಾರ ಮನೆ ಬಾಗಿಲಲ್ಲಿ ನಿಂತಿದ್ದೇವೆ ಎಂದು ನೋಡಬೇಕು. ಕೋಡ್‌ನಲ್ಲಿ ಹೇಳುವುದಾದರೆ, ಬಂದ ಹೆಸರನ್ನು ಒಂದೇ ಒಂದು ಸಲ ಡಿಕೋಡ್ ಮಾಡಿ (ಅಂದರೆ '%' ಸಂಕೇತವಾಗಿ ಬಂದ ಅಕ್ಷರಗಳನ್ನು ಬಿಡಿಸಿ), ಮೂಲ ಫೋಲ್ಡರ್‌ಗೆ ಜೋಡಿಸಿ, ಸಿಮ್‌ಲಿಂಕ್‌ಗಳನ್ನೂ (ಬೇರೆ ಫೈಲಿನತ್ತ ಕೈತೋರುವ ಕೊಂಡಿಗಳು) ಬಿಡಿಸಿ ಇದು ಕೊನೆಗೆ ಎಲ್ಲಿಗೆ ಹೋಗುತ್ತದೆ ಎಂದು ಆಪರೇಟಿಂಗ್ ಸಿಸ್ಟಂ ಅನ್ನೇ ಕೇಳಿ. ಬಂದ ಉತ್ತರ ನಿಮ್ಮ ಫೋಲ್ಡರ್‌ನ ಒಳಗಿದ್ದರೆ ಮಾತ್ರ, ಆ ಉತ್ತರವನ್ನೇ ತೆರೆಯಿರಿ. ಪರೀಕ್ಷೆ ಮಾಡಿದ್ದು ಒಂದು, ತೆರೆದದ್ದು ಇನ್ನೊಂದು ಆಗಬಾರದು. ರಿವ್ಯೂನಲ್ಲಿ ನಾನು ಸಿಡುಕುವುದಿದ್ದರೆ ಈ ಒಂದು ಕಾರಣಕ್ಕೆ.

ಇದು ಹೊಸಬರಷ್ಟೇ ಮಾಡುವ ತಪ್ಪಲ್ಲ. 2021ರಲ್ಲಿ ಅಪಾಚೆ ವೆಬ್ ಸರ್ವರ್ ಇದರಲ್ಲೇ ಸಿಕ್ಕಿಬಿತ್ತು. ಅದರ 2.4.49 ಆವೃತ್ತಿಯಲ್ಲಿ ಪಾತ್ ಸರಿಮಾಡುವ ಕೋಡ್ ಬದಲಾಗಿತ್ತು. ಅಕ್ಕಪಕ್ಕದ ಎರಡು ಚುಕ್ಕಿಗಳನ್ನು ಅದು ಹಿಡಿಯುತ್ತಿತ್ತು. ಎರಡನೆಯದನ್ನು '%2e' (ವೆಬ್ ವಿಳಾಸದಲ್ಲಿ ಚುಕ್ಕಿಯ ಸಂಕೇತ) ಎಂದು ಬರೆದರೆ ಅದು ಚುಕ್ಕಿ ಎಂದು ಅದಕ್ಕೆ ಗೊತ್ತಾಗುತ್ತಿರಲಿಲ್ಲ. ಪರೀಕ್ಷೆ ಮುಗಿದ ಮೇಲೆ ಡಿಕೋಡ್ ಆಗಿ ಚುಕ್ಕಿಯಾಗುತ್ತಿತ್ತು. ಅಕ್ಟೋಬರ್ 4ಕ್ಕೆ 2.4.50 ಬಂತು. ಅದನ್ನೂ '%%32%65' ಎಂದು ಬರೆದು ದಾಟಿದರು: ಒಮ್ಮೆ ಬಿಡಿಸಿದರೆ '%2e', ಇನ್ನೊಮ್ಮೆ ಬಿಡಿಸಿದರೆ ಚುಕ್ಕಿ. 7ಕ್ಕೆ 2.4.51 ಬಿಡುಗಡೆಯಾಯಿತು. ಹೊರಗಿನ ಫೋಲ್ಡರ್‌ಗಳನ್ನೆಲ್ಲ ನಿರಾಕರಿಸುವ ಮೂಲ ಸೆಟ್ಟಿಂಗ್ ಅನ್ನು ಕಿತ್ತುಹಾಕದೆ ಇದ್ದವರ ಫೈಲುಗಳು ಉಳಿದುಕೊಂಡವು. 'ಒಂದೇ ಸಲ ಡಿಕೋಡ್' ಎಂದು ನಾನು ಒತ್ತಿ ಹೇಳುವುದು ಇದಕ್ಕೇ. ಸರ್ವರ್ ಮುಂದೆ ನಿಂತು ಬೇಡಿಕೆ ದಾಟಿಸುವ ಪ್ರಾಕ್ಸಿ ಒಂದು ಸಲ, ಹಿಂದಿನ ಫ್ರೇಮ್‌ವರ್ಕ್ ಒಂದು ಸಲ, ನೀವು ಬರೆದ ಫಂಕ್ಷನ್ ಇನ್ನೊಂದು ಸಲ ಬಿಡಿಸಿದರೆ, ಯಾರು ನೋಡಿದ್ದು ಯಾವ ಹೆಸರು ಎಂಬ ಲೆಕ್ಕವೇ ತಪ್ಪಿಹೋಗುತ್ತದೆ.

'ಒಳಗಿದೆಯೇ' ಎಂಬ ಪರೀಕ್ಷೆಯಲ್ಲೂ ಎಡವುತ್ತಾರೆ. '/ಡೇಟಾ/ಬಿಲ್' ಎಂಬ ಅಕ್ಷರಗಳಿಂದ ಶುರುವಾದರೆ ಸರಿ ಎಂದು ಬರೆದರೆ, ಪಕ್ಕದ '/ಡೇಟಾ/ಬಿಲ್-ಹಳೆಯದು' ಕೂಡ ಪಾಸಾಗುತ್ತದೆ. ಕೊನೆಯ ಸ್ಲ್ಯಾಶ್ ಸೇರಿಸಿ ಹೋಲಿಸಿ, ಇಲ್ಲವೇ ಪಾತ್ ಲೈಬ್ರರಿಯ ಹೋಲಿಕೆಯನ್ನು ಬಳಸಿ. ಆ ಫೋಲ್ಡರ್‌ನೊಳಗೆ ಬೇರೆಯವರೂ ಬರೆಯಬಲ್ಲರಾದರೆ, ನೀವು ಪರೀಕ್ಷಿಸಿ ತೆರೆಯುವ ಆ ಕ್ಷಣದಲ್ಲಿ ಸಿಮ್‌ಲಿಂಕ್ ಬದಲಾಗಬಹುದು. ಅಂಥ ಕಡೆ ಲಿನಕ್ಸ್ ಕರ್ನಲ್ 5.6ರಿಂದ ಇರುವ, ಫೈಲ್ ತೆರೆಯುವ ಸಿಸ್ಟಂ ಕರೆ 'ಓಪನ್‌ಆಟ್2' ಅಥವಾ ಗೋ ಭಾಷೆಯ 1.24ರ 'ಓಎಸ್.ರೂಟ್' ಬಳಸುವುದು ಮೇಲು. ಫೋಲ್ಡರ್ ದಾಟಲು, ಸರಿಯಾದ ಆಯ್ಕೆ ಕೊಟ್ಟು ಬಳಸಿದರೆ, ಅವು ಬಿಡುವುದಿಲ್ಲ. ನಿಮ್ಮ ಸರ್ವರ್‌ಗೆ ಯಾವುದು ಹೊಂದುತ್ತದೆ ಎಂದು ಅದನ್ನು ನೋಡದೆ ನಾನು ಹೇಳಲಾರೆ.

ಹೆದರಿದವರು ಮಾಡುವ ಇನ್ನೊಂದು ಕೆಲಸ ನನಗೆ ಇದಕ್ಕಿಂತ ಹೆಚ್ಚು ನೋವು ಕೊಟ್ಟಿದೆ. ಒಂದು ಪತ್ತಿನ ಸಹಕಾರ ಸಂಘದ ಸಾಫ್ಟ್‌ವೇರ್‌ನಲ್ಲಿ ಇಂಗ್ಲಿಷ್ ಅಕ್ಷರ, ಅಂಕಿ, ಚುಕ್ಕಿ, ಅಡ್ಡಗೆರೆ ಬಿಟ್ಟು ಉಳಿದದ್ದನ್ನೆಲ್ಲ ಹೆಸರಿನಿಂದ ತೆಗೆದುಹಾಕಿದ್ದರು. ಸಂಘದ ಗುಮಾಸ್ತರು ಸ್ಕ್ಯಾನ್ ಮಾಡಿ ಹೆಸರಿಡುತ್ತಿದ್ದದ್ದು ಅಚ್ಚ ಕನ್ನಡದಲ್ಲಿ. 'ಪಹಣಿ-2023', 'ಸಾಲದ ಅರ್ಜಿ-2023' ಎರಡೂ ಕನ್ನಡ ಕಳೆದುಕೊಂಡು '-2023' ಆದವು. ಎರಡನೆಯದು ಮೊದಲನೆಯದರ ಮೇಲೆ ಕೂತಿತು. "ಮೇಡಂ, ಅಜ್ಜಿ ಪಹಣಿ ತೆಗೆದ್ರೆ ಇನ್ಯಾರದೋ ಸಾಲದ ಅರ್ಜಿ ಬರ್ತಿದೆ" ಎಂದು ಅವರು ಫೋನ್ ಮಾಡಿದಾಗ ಎಷ್ಟೋ ಕಾಗದ ಹಾಳಾಗಿಹೋಗಿತ್ತು. ಆ ಅಜ್ಜಿ ಮತ್ತೆ ಬಸ್ಸು ಹತ್ತಿ ಬರಬೇಕಾಯಿತು.

ಕನ್ನಡದ ಹೆಸರು ಪಾತ್‌ಗೆ ಅಪಾಯವಲ್ಲ. ಅದರ ಅಳತೆ ಮಾತ್ರ ಬೇರೆ. 'ಪಹಣಿ'ಯಲ್ಲಿ ಯೂನಿಕೋಡ್ ಲೆಕ್ಕಕ್ಕೆ ನಾಲ್ಕು ಚಿಹ್ನೆ, ಡಿಸ್ಕ್‌ಗೆ ಬರೆಯುವ ಯುಟಿಎಫ್-8 ರೂಪದಲ್ಲಿ 12 ಬೈಟ್, ವೆಬ್ ವಿಳಾಸದಲ್ಲಿ 36 ಅಕ್ಷರ. ಲಿನಕ್ಸ್‌ನ ಎಕ್ಸ್ಟ್4 ಫೈಲ್ ವ್ಯವಸ್ಥೆಯಲ್ಲಿ ಒಂದು ಹೆಸರಿಗೆ 255 ಬೈಟ್ ಮಿತಿ, ಅಂದರೆ ಕನ್ನಡದ 85 ಚಿಹ್ನೆ. 'ತೋಟ' ಎಂಬುದನ್ನು ಮೂರು ಚಿಹ್ನೆಯಲ್ಲೂ ಬರೆಯಬಹುದು, ಓತ್ವವನ್ನು ಬಿಡಿಸಿ ಐದರಲ್ಲೂ ಬರೆಯಬಹುದು. ಕಣ್ಣಿಗೆ ಎರಡೂ ಒಂದೇ, ಡಿಸ್ಕ್‌ಗೆ ಎರಡು ಬೇರೆ ಫೈಲು. ಹೋಲಿಸುವ ಮೊದಲು ಒಂದೇ ರೂಪಕ್ಕೆ ತರಬೇಕು.

ಆ ಸಂಘಕ್ಕೆ ಕೊನೆಗೆ ಮಾಡಿಕೊಟ್ಟದ್ದು ಸರಳ ಕೆಲಸ. ಡಿಸ್ಕ್‌ನಲ್ಲಿ ಪ್ರತಿ ಫೈಲಿಗೂ ಸರ್ವರ್ ತಾನೇ ಹುಟ್ಟಿಸಿದ ಸಂಖ್ಯೆ, ಗುಮಾಸ್ತರು ಇಟ್ಟ ಹೆಸರು ಡೇಟಾಬೇಸ್‌ನಲ್ಲಿ. ಬ್ರೌಸರ್ ಕಳಿಸುವುದು ಆ ಸಂಖ್ಯೆ ಮಾತ್ರ, ಅದು ಕೇಳಿದವರದ್ದೇ ಕಾಗದವೇ ಎಂಬ ಪರೀಕ್ಷೆ ಬೇರೆ. ಹೊರಗಿನವರ ಒಂದಕ್ಷರವೂ ಈಗ ಪಾತ್‌ನೊಳಗೆ ಸೇರುವುದಿಲ್ಲ. ಡೌನ್‌ಲೋಡ್ ಒತ್ತಿದರೆ ಗುಮಾಸ್ತರು ಬರೆದ ಹಾಗೆಯೇ, ಒತ್ತು ದೀರ್ಘ ಸಮೇತ, 'ಪಹಣಿ-2023' ಎಂದು ಬರುತ್ತದೆ.