ಅರ್ಧ ಅನುವಾದವಾದ ಹೆಸರು: ಒಂದು ಜರ್ಮನ್ ಮನೆತನದ ಅಮೆರಿಕದ ದಾರಿ

ನ್ಯೂಯಾರ್ಕಿನ ಕ್ವೀನ್ಸ್ ಭಾಗದಲ್ಲಿ ಸ್ಟೈನ್‌ವೇ ಸ್ಟ್ರೀಟ್ ಅಂತ ಒಂದು ಬೀದಿ ಇದೆ. ಕೆಳಗಿನ ಸುರಂಗ ರೈಲು ನಿಲ್ದಾಣಕ್ಕೂ ಅದೇ ಹೆಸರು. ಆ ಬೀದಿಯಲ್ಲೊಂದು ಕಡೆ ಸಾಲಾಗಿ ಅರಬಿ ಫಲಕಗಳು, ಹುಕ್ಕಾ ಅಂಗಡಿಗಳು; ಜನ ಅದನ್ನು ‘ಲಿಟಲ್ ಈಜಿಪ್ಟ್’ ಅನ್ನುತ್ತಾರೆ. ಅಲ್ಲಿ ಚಹಾ ಕುಡಿಯುವವರಿಗೆ ಬೀದಿಯ ಹೆಸರು ಯಾರದು ಎಂಬ ಚಿಂತೆ ಇರಲಾರದು. ಗೊತ್ತಿದ್ದರೂ ‘ಪಿಯಾನೊ ಕಂಪನಿ’ ಎಂದಾರು. ಆ ಹೆಸರು ಜರ್ಮನಿಯ ಹಾರ್ಟ್ಸ್ ಬೆಟ್ಟಸಾಲಿನ ಒಂದು ಹಳ್ಳಿಯಿಂದ ಬಂದದ್ದು, ಬರುವಾಗ ಹಾಗಿರಲಿಲ್ಲ.

ಬರುವಾಗ ಅದು ಷ್ಟೈನ್‌ವೇಗ್. ಜರ್ಮನ್ ಭಾಷೆಯಲ್ಲಿ ‘ಷ್ಟೈನ್’ ಅಂದರೆ ಕಲ್ಲು, ‘ವೇಗ್’ ಅಂದರೆ ದಾರಿ. ನಮ್ಮಲ್ಲಾಗಿದ್ದರೆ ‘ಕಲ್ಲುದಾರಿಯವರು’ ಅನ್ನುವ ಮನೆಹೆಸರು. ಅಮೆರಿಕಕ್ಕೆ ಬಂದ ಮೇಲೆ ಕಲ್ಲನ್ನು ಹಾಗೇ ಇಟ್ಟುಕೊಂಡು ದಾರಿಯನ್ನಷ್ಟೇ ಇಂಗ್ಲಿಷಿಗೆ ಹಾಕಿದರು. ಕನ್ನಡ ಲಿಪಿಯಲ್ಲಿ ಬರೆದರೆ ಆದ ಬದಲಾವಣೆ ಇನ್ನೂ ಚೆನ್ನಾಗಿ ಕಾಣುತ್ತದೆ: ಮುಂದಿನ ‘ಷ’ ‘ಸ’ ಆಯಿತು, ಹಿಂದಿನ ‘ಗ್’ ಉದುರಿತು. ಅಷ್ಟೇ. ಆ ಉದುರಿದ ಒಂದು ಅಕ್ಷರದ ಸುತ್ತ ನೂರಿಪ್ಪತ್ತು ವರ್ಷ ವ್ಯಾಪಾರ, ಜಗಳ, ಕೊನೆಗೆ ಕೋರ್ಟು ಕಚೇರಿ ಎಲ್ಲವೂ ನಡೆದವು.

2020ರ ಜನಗಣತಿಯಲ್ಲಿ ತಮ್ಮ ಮೂಲ ಜರ್ಮನ್ ಎಂದು ಬರೆಸಿದ ಅಮೆರಿಕನ್ನರು ಸುಮಾರು ನಾಲ್ಕೂವರೆ ಕೋಟಿ. 1683ರಲ್ಲಿ ಕ್ರೇಫೆಲ್ಡ್‌ನಿಂದ ಹದಿಮೂರು ಕುಟುಂಬಗಳು ಬಂದು ಫಿಲಡೆಲ್ಫಿಯಾ ಪಕ್ಕದಲ್ಲಿ ಜರ್ಮನ್‌ಟೌನ್ ಕಟ್ಟಿದಲ್ಲಿಂದ ಈ ಕತೆ ಶುರು. 1820ರಿಂದ ಮೊದಲ ಮಹಾಯುದ್ಧದವರೆಗೆ ಬಂದವರೇ ಐವತ್ತು ಲಕ್ಷಕ್ಕೂ ಹೆಚ್ಚು. 1882ರ ಒಂದೇ ವರ್ಷದಲ್ಲಿ ಸುಮಾರು ಎರಡೂವರೆ ಲಕ್ಷ. ಇಷ್ಟು ಜನರ ಮೊಮ್ಮಕ್ಕಳು, ಮರಿಮಕ್ಕಳು ಇವತ್ತು ತಮ್ಮ ಬೇರು ಹುಡುಕುತ್ತ ಕೂತಿದ್ದಾರೆ. ಅವರಲ್ಲಿ ಹೆಚ್ಚಿನವರು ತಡವರಿಸುವುದು ಎರಡೇ ಕಡೆ: ಯಾವ ಊರು, ಯಾವ ಹೆಸರು.

ಊರಿನ ತೊಡಕು ಹೀಗೆ. ಅಮೆರಿಕದ ಹಳೆಯ ಕಾಗದಗಳಲ್ಲಿ ಹುಟ್ಟಿದ ಜಾಗದ ಎದುರು ‘ಜರ್ಮನಿ’ ಎಂದೋ ‘ಪ್ರಷ್ಯಾ’ ಎಂದೋ ಒಂದೇ ಮಾತು ಇರುತ್ತದೆ. ಆದರೆ 1871ರವರೆಗೆ ಜರ್ಮನಿ ಎಂಬ ಒಂದು ದೇಶವೇ ಇರಲಿಲ್ಲ. ಇದ್ದದ್ದು ಹತ್ತಾರು ರಾಜ್ಯ, ಸಂಸ್ಥಾನಗಳು. ಬಳ್ಳಾರಿಯ ಅಜ್ಜ ಹುಟ್ಟಿದ್ದು ಮದ್ರಾಸ್ ಪ್ರಾಂತದಲ್ಲಿ, ಧಾರವಾಡದ ಅಜ್ಜಿ ಹುಟ್ಟಿದ್ದು ಮುಂಬಯಿ ಪ್ರಾಂತದಲ್ಲಿ ಎಂದು ಬಲ್ಲ ನಮಗೆ ಇದು ಹೊಸದೇನಲ್ಲ. ಈ ಮನೆತನದ ಮೂಲಪುರುಷ ಹೈನ್ರಿಖ್ ಎಂಗೆಲ್‌ಹಾರ್ಡ್ ಷ್ಟೈನ್‌ವೇಗ್ 1797ರಲ್ಲಿ ಹುಟ್ಟಿದ ವೋಲ್ಫ್ಸ್‌ಹಾಗೆನ್ ಹಳ್ಳಿ ಬ್ರೌನ್‌ಷ್ವೈಗ್ ಡ್ಯೂಕನ ಸೀಮೆಗೆ ಸೇರಿತ್ತು. ಹುಡುಗನಿಗೆ ಹತ್ತು ವರ್ಷ ಆಗುವಷ್ಟರಲ್ಲಿ ಅದು ನೆಪೋಲಿಯನ್ನನ ತಮ್ಮನ ರಾಜ್ಯವಾಯಿತು. ಕೆಲವೇ ವರ್ಷಕ್ಕೆ ಮತ್ತೆ ಡ್ಯೂಕನ ಕೈಗೆ ಬಂತು. ಇಡೀ ಜರ್ಮನಿಯಲ್ಲಿ ಹುಟ್ಟು, ಮದುವೆ, ಸಾವುಗಳನ್ನು ಸರ್ಕಾರ ಬರೆದಿಡತೊಡಗಿದ್ದು 1876ರಲ್ಲಿ. ಅದಕ್ಕೆ ಮುಂಚಿನದೆಲ್ಲ ಇರುವುದು ಹೆಚ್ಚಾಗಿ ಊರೂರಿನ ಚರ್ಚಿನ ದಫ್ತರಿನಲ್ಲಿ, ಪಾದ್ರಿಯ ಕೈಬರಹದಲ್ಲಿ. ಹಳ್ಳಿಯ ಹೆಸರು ಗೊತ್ತಿಲ್ಲದವನಿಗೆ ಆ ದಫ್ತರು ಇದ್ದೂ ಇಲ್ಲದ ಹಾಗೆ.

ಷ್ಟೈನ್‌ವೇಗ್ ಮನೆಯವರಿಗೆ ಊರು ಮರೆಯಲಿಲ್ಲ. ಜೊತೆಗೆ ಕತೆಗಳೂ ಬೇಕಾದಷ್ಟು ಉಳಿದವು. ಹೈನ್ರಿಖ್ ಹದಿಹರೆಯದವನಾಗಿದ್ದಾಗ ಸಿಡಿಲು ಬಡಿದು ತಂದೆ, ಅಣ್ಣಂದಿರು ಒಟ್ಟಿಗೇ ಸತ್ತರು, ಅವನೊಬ್ಬನೇ ಉಳಿದ ಎಂಬುದು ಮನೆಯವರು ಹೇಳಿಕೊಂಡು ಬಂದ ಕತೆ. ಇಂಥವನ್ನು ನಾನು ಅರ್ಧ ಕಿವಿಯಲ್ಲಿ ಕೇಳಿಸಿಕೊಳ್ಳುತ್ತೇನೆ. ದೊಡ್ಡ ಕಂಪನಿಯ ಮೂಲಪುರುಷನಿಗೆ ಒಂದು ಸಿಡಿಲು ಬೇಕೇ ಬೇಕಲ್ಲ. ಗಟ್ಟಿಯಾಗಿ ಹೇಳಬಹುದಾದದ್ದು ಇಷ್ಟು: ಆತ ಮರಗೆಲಸ ಕಲಿತ, ಸೇಸೆನ್ ಎಂಬ ಸಣ್ಣ ಪಟ್ಟಣಕ್ಕೆ ಬಂದ, 1825ರಲ್ಲಿ ಯೂಲಿಯಾನೆ ಟೀಮರ್‌ಳನ್ನು ಮದುವೆಯಾದ, 1836ರಲ್ಲಿ ಮನೆಯ ಅಡುಗೆಕೋಣೆಯಲ್ಲೇ ಒಂದು ಗ್ರ್ಯಾಂಡ್ ಪಿಯಾನೊ ಕಟ್ಟಿದ.

ಪಿಯಾನೊ ಚೆನ್ನಾಗಿತ್ತು, ಕೊಳ್ಳುವವರಿಗೇ ಬರ. 1840ರ ದಶಕದಲ್ಲಿ ಬ್ರೌನ್‌ಷ್ವೈಗ್ ಒಂದು ಸುಂಕ ಒಕ್ಕೂಟಕ್ಕೆ, ನೆರೆಯ ಹ್ಯಾನೋವರ್ ಇನ್ನೊಂದಕ್ಕೆ ಸೇರಿ ಎರಡರ ನಡುವೆ ಗೋಡೆ ಎದ್ದಿತು. ನಿನ್ನೆಯವರೆಗೆ ನೆರೆಮನೆಯಂತಿದ್ದ ಗಿರಾಕಿ ಪರದೇಶಿಯಾದ. ಮೇಲಿಂದ ಆಲೂಗಡ್ಡೆಗೆ ರೋಗ, ದಶಕದ ನಡುವಿನ ಹಸಿವಿನ ವರ್ಷಗಳು, 1848ರ ಕ್ರಾಂತಿ, ಅದು ಸೋತ ಮೇಲಿನ ಧರಪಕಡ. ಎರಡನೆಯ ಮಗ ಕಾರ್ಲ್ 1849ರಲ್ಲಿ ಮೊದಲು ಹೊರಟ, ನ್ಯೂಯಾರ್ಕ್ ನೋಡಿ ಮನೆಯವರನ್ನು ಕರೆಸಿಕೊಂಡ. ಮೊದಲು ಒಬ್ಬ ಹೋಗಿ ನೆಲೆ ನೋಡುವುದು, ಆಮೇಲೆ ಮನೆಮಂದಿ ಗಂಟುಮೂಟೆ ಕಟ್ಟುವುದು, ಆ ಕಾಲದ ಜರ್ಮನ್ ವಲಸೆಯ ರೂಢಿಯೇ ಅದು. ಹಿರಿಯ ಮಗ ತಿಯೊಡೋರ್ ಮಾತ್ರ ಅಪ್ಪನ ಅಂಗಡಿ ನೋಡಿಕೊಳ್ಳಲು ಊರಲ್ಲೇ ನಿಂತ. ಅವನನ್ನು ನೆನಪಿಟ್ಟುಕೊಳ್ಳಿ, ಮುಂದಿನ ಗಲಾಟೆಗೆಲ್ಲ ಅವನೇ ಮೂಲ.

1850ರ ಮೇ 28ರಂದು ಷ್ಟೈನ್‌ವೇಗ್ ಸಂಸಾರವನ್ನು ಹೊತ್ತು ಹ್ಯಾಂಬರ್ಗಿನಿಂದ ‘ಹೆಲೆನೆ ಸ್ಲೋಮನ್’ ಹೊರಟಿತು. ಉತ್ತರ ಅಟ್ಲಾಂಟಿಕ್ ದಾಟಿದ ಮೊದಲ ಜರ್ಮನ್ ಹಬೆ ಹಡಗು ಅದು, ಅದರ ಮೊದಲ ಯಾನವೂ ಇದೇ. ಜೂನ್ 29ಕ್ಕೆ ನ್ಯೂಯಾರ್ಕ್ ಮುಟ್ಟಿತು. ಅದೇ ವರ್ಷದ ನವೆಂಬರಿನಲ್ಲಿ, ಮೂರನೆಯ ಯಾನದಲ್ಲಿ, ಆ ಹಡಗು ಸಮುದ್ರದ ಪಾಲಾಯಿತು. ಮೂರನೆಯ ಸಲಕ್ಕೆ ಕಾದಿದ್ದರೆ ಈ ಲೇಖನದ ಅಗತ್ಯ ಬರುತ್ತಿರಲಿಲ್ಲವೇನೊ.

ಕಾಗದ ಹುಡುಕುವವರಿಗೆ 1850 ಒಂದು ವಿಚಿತ್ರ ವರ್ಷ. ಹ್ಯಾಂಬರ್ಗ್ ಬಂದರಿನ ಪ್ರಯಾಣಿಕರ ಪಟ್ಟಿಗಳು ಉಳಿದಿರುವುದು ಆ ವರ್ಷದಿಂದ. ಅವುಗಳಲ್ಲಿ ಎಷ್ಟೋ ಸಲ ಹೊರಟವನ ಊರೂ ಸಿಗುತ್ತದೆ. ಇನ್ನೊಂದು ದೊಡ್ಡ ಬಂದರು ಬ್ರೆಮೆನ್. ಅಲ್ಲಿಯ ಅಧಿಕಾರಿಗಳು ಕಚೇರಿಯಲ್ಲಿ ಜಾಗ ಸಾಲದೆಂದು ಹಳೆಯ ಪಟ್ಟಿಗಳನ್ನು ನಾಶಮಾಡಿಬಿಟ್ಟರು, ಉಳಿದದ್ದರಲ್ಲಿ ಬಹುಪಾಲು ಎರಡನೆಯ ಮಹಾಯುದ್ಧದಲ್ಲಿ ಹೋಯಿತು. ಅಜ್ಜ ಬ್ರೆಮೆನ್‌ನಿಂದ ಹಡಗು ಹತ್ತಿದ್ದರೆ ಮೊಮ್ಮಗನ ಹಣೆಬರಹ ಅಷ್ಟೇ. ಅಮೆರಿಕದ ಕಡೆ ನೋಡಿದರೆ, ಮನೆಯ ಯಜಮಾನನ ಹೆಸರಷ್ಟೇ ಬರೆಯುತ್ತಿದ್ದ ಜನಗಣತಿ ಮನೆಯಲ್ಲಿದ್ದ ಎಲ್ಲರ ಹೆಸರು ಬರೆಯಲು ಶುರುಮಾಡಿದ್ದೂ 1850ರಲ್ಲೇ. ಆದರೆ ಆ ಗಣತಿಯ ಲೆಕ್ಕದ ದಿನ ಜೂನ್ 1. ಅವತ್ತು ಷ್ಟೈನ್‌ವೇಗ್ ಸಂಸಾರ ನಡುಗಡಲಲ್ಲಿತ್ತು. ಮುಂದೆ 1890ರ ಗಣತಿಯ ಕಾಗದಗಳಿಗೆ 1921ರಲ್ಲಿ ವಾಷಿಂಗ್ಟನ್ನಿನಲ್ಲಿ ಬೆಂಕಿ ಬಿದ್ದು, ಒಂದು ತಲೆಮಾರಿನ ಲೆಕ್ಕವೇ ಹೆಚ್ಚುಕಡಿಮೆ ಕಾಣೆಯಾಯಿತು.

ಇಲ್ಲಿ ಒಂದು ಹಳೆಯ ನಂಬಿಕೆಯ ವಿಷಯ ಹೇಳಬೇಕು. ನ್ಯೂಯಾರ್ಕ್ ಬಂದರಿನ ಎಲ್ಲಿಸ್ ಐಲೆಂಡ್ ಅಂದರೆ ವಲಸಿಗರನ್ನು ತಪಾಸಣೆ ಮಾಡಿ ಒಳಬಿಡುತ್ತಿದ್ದ ದ್ವೀಪ. ‘ಎಲ್ಲಿಸ್ ಐಲೆಂಡಿನ ಗುಮಾಸ್ತರಿಗೆ ನಮ್ಮಜ್ಜನ ಹೆಸರು ಉಚ್ಚರಿಸಲು ಬರಲಿಲ್ಲ, ತೋಚಿದಂತೆ ಬರೆದುಕೊಂಡರು’ ಎಂದು ಸಾವಿರಾರು ಮನೆಗಳಲ್ಲಿ ಹೇಳುತ್ತಾರೆ. ಕತೆ ಸೊಗಸಾಗಿದೆ, ನಿಜವಲ್ಲ. ಅಲ್ಲಿನ ಅಧಿಕಾರಿಗಳ ಮುಂದೆ ಇರುತ್ತಿದ್ದದ್ದು ಹಡಗು ಹೊರಟ ಬಂದರಿನಲ್ಲೇ ತಯಾರಾದ ಪಟ್ಟಿ. ಅವರು ಅದಕ್ಕೆ ತಾಳೆ ನೋಡಿ ಗುರುತು ಹಾಕುತ್ತಿದ್ದರು, ಹೆಸರಿಡುತ್ತಿರಲಿಲ್ಲ. ಎಲ್ಲಿಸ್ ಐಲೆಂಡ್ ತೆರೆದದ್ದೇ 1892ರ ಜನವರಿ 1ಕ್ಕೆ. ಅದಕ್ಕೆ ಮುಂಚಿನ ಕ್ಯಾಸಲ್ ಗಾರ್ಡನ್ ಶುರುವಾದದ್ದು 1855ರಲ್ಲಿ. ಷ್ಟೈನ್‌ವೇಗ್ ಕುಟುಂಬ ಇಳಿದಾಗ ಎರಡೂ ಇರಲಿಲ್ಲ.

ಹೆಸರನ್ನು ಬದಲಿಸಿದವರು ತಾವೇ, ಲೆಕ್ಕಾಚಾರ ಮಾಡಿಯೇ. ಅಪ್ಪ, ಮಕ್ಕಳು ಮೂರು ವರ್ಷ ನ್ಯೂಯಾರ್ಕಿನ ಬೇರೆ ಬೇರೆ ಪಿಯಾನೊ ಅಂಗಡಿಗಳಲ್ಲಿ ಕೂಲಿಗಿದ್ದು ಇಲ್ಲಿನ ಕೆಲಸ, ಇಲ್ಲಿನ ಗಿರಾಕಿ ಎರಡನ್ನೂ ಅರಿತರು. 1853ರ ಮಾರ್ಚ್ 5ಕ್ಕೆ ಮ್ಯಾನ್‌ಹಟನ್ನಿನ ವಾರಿಕ್ ಸ್ಟ್ರೀಟಿನಲ್ಲಿ ಸ್ವಂತ ಅಂಗಡಿ ಇಟ್ಟಾಗ ಫಲಕ ಬರೆಸಿದ್ದು ‘ಸ್ಟೈನ್‌ವೇ ಆಂಡ್ ಸನ್ಸ್’. ಇಂಗ್ಲಿಷ್ ಹೆಸರಿನ ಪಿಯಾನೊ ಹೆಚ್ಚು ಮಾರುತ್ತದೆ ಎಂಬುದು ವ್ಯಾಪಾರಿಯ ಬುದ್ಧಿ. ಮೊದಲು ಬದಲಾದದ್ದು ಬೋರ್ಡು. ಮನುಷ್ಯರ ಹೆಸರು ಕಾನೂನಿನ ಪ್ರಕಾರ ಬದಲಾದದ್ದು ವರ್ಷಗಳ ಮೇಲೆ. ಹೈನ್ರಿಖ್ ಹೆನ್ರಿಯಾದ, ಕಾರ್ಲ್ ಚಾರ್ಲ್ಸ್ ಆದ, ಇನ್ನೊಬ್ಬ ಮಗ ವಿಲ್ಹೆಲ್ಮ್ ವಿಲಿಯಂ ಆದ. ಊರಿನ ಹೆಸರಿನ ಇನಿಷಿಯಲ್ ಬಿಡಿಸಿ ಪಾಸ್‌ಪೋರ್ಟಿನಲ್ಲಿ ‘ಸರ್‌ನೇಮ್’ ಮಾಡಿಕೊಂಡು, ಆಫೀಸಿನಲ್ಲಿ ಆ ಊರಿನ ಹೆಸರಿನಿಂದಲೇ ಕರೆಸಿಕೊಳ್ಳುವ ನಮ್ಮ ಹುಡುಗರಿಗೆ ಇದು ಅರ್ಥವಾಗುತ್ತದೆ.

ಒಂದು ವಿಷಯದಲ್ಲಿ ಮಾತ್ರ ಅವರು ಹಳೆಯದನ್ನು ಬಿಡಲಿಲ್ಲ. ಸೇಸೆನ್‌ನಲ್ಲಿ ಕಟ್ಟಿದ್ದ 482 ಪಿಯಾನೊಗಳನ್ನು ಲೆಕ್ಕಕ್ಕೆ ಹಿಡಿದು, ಹೊಸ ಕಂಪನಿಯ ಮೊದಲ ಪಿಯಾನೊಕ್ಕೆ 483 ಎಂಬ ಸಂಖ್ಯೆ ಕೊಟ್ಟರು. 500 ಡಾಲರಿಗೆ ಮಾರಿದರು. ಹೆಸರು ಬದಲಾಯಿತು, ಎಣಿಕೆ ತುಂಡಾಗಲಿಲ್ಲ. ಈ ಮನೆತನದ ಬಗ್ಗೆ ನನಗೆ ಎಲ್ಲಕ್ಕಿಂತ ಹಿಡಿಸಿದ ಸಂಗತಿ ಇದೇ.

ಮುಂದಿನದು ಬೇಗ ಹೇಳಬಹುದಾದ ಏಳಿಗೆ. 1859ರಲ್ಲಿ ಅಪ್ಪನ ಹೆಸರನ್ನೇ ಹೊತ್ತ ಮಗ ಕಿರಿಯ ಹೆನ್ರಿ ಗ್ರ್ಯಾಂಡ್ ಪಿಯಾನೊದ ತಂತಿಗಳನ್ನು ಒಂದರ ಮೇಲೊಂದು ಅಡ್ಡಹಾಯುವಂತೆ ಜೋಡಿಸುವ ವಿಧಾನಕ್ಕೆ ಪೇಟೆಂಟ್ ಪಡೆದ. 1860ರಲ್ಲಿ ಫೋರ್ತ್ ಅವೆನ್ಯೂದಲ್ಲಿ ದೊಡ್ಡ ಕಾರ್ಖಾನೆ, 1866ರಲ್ಲಿ ಹದಿನಾಲ್ಕನೆಯ ಬೀದಿಯಲ್ಲಿ ಸ್ಟೈನ್‌ವೇ ಹಾಲ್, 1867ರಲ್ಲಿ ಪ್ಯಾರಿಸ್ ಪ್ರದರ್ಶನದ ಚಿನ್ನದ ಪದಕ.

ಮನೆಯೊಳಗಿನ ಕತೆ ಇಷ್ಟು ಸಲೀಸಲ್ಲ. ಅದು ನಮಗೆ ಗೊತ್ತಾಗಿರುವುದು ವಿಲಿಯಂ ಬರೆದ ದಿನಚರಿಯಿಂದ. 1861ರ ಏಪ್ರಿಲಿನಲ್ಲಿ, ತನ್ನ ಮದುವೆಗೆ ಮೂರು ದಿನ ಇದ್ದಾಗ ಶುರುಮಾಡಿ, 1896ರಲ್ಲಿ ಸಾಯುವ ತನಕ ಬರೆದ, ಒಂಬತ್ತು ಸಂಪುಟ. ಈಗ ಅದು ವಾಷಿಂಗ್ಟನ್ನಿನ ಸ್ಮಿತ್ಸೋನಿಯನ್‌ನಲ್ಲಿದೆ. ಜರ್ಮನ್ ಮನೆಯವನ ದಿನಚರಿಯಾದರೂ ಬಹುಪಾಲು ಇಂಗ್ಲಿಷಿನಲ್ಲಿದೆ. 1863ರ ಸೇನಾಭರ್ತಿ ವಿರೋಧಿ ದೊಂಬಿಯಲ್ಲಿ ಕಾರ್ಖಾನೆಯ ಬಾಗಿಲಿಗೆ ಬಂದ ಗುಂಪು, ಮುಷ್ಕರ, ಹೆಂಡತಿಯಿಂದ ವಿಚ್ಛೇದನ, ಲೀಡರ್‌ಕ್ರಾನ್ಸ್ ಎಂಬ ಜರ್ಮನ್ ಗಾಯನ ಸಂಘದ ಹಾಡುಸಂಜೆ, ಎಲ್ಲ ಒಂದೇ ಉಸಿರಿನಲ್ಲಿ ಬರುತ್ತವೆ. ಹಗಲು ಇಂಗ್ಲಿಷ್ ಹೆಸರಿನಲ್ಲಿ ವ್ಯಾಪಾರ, ಸಂಜೆ ಜರ್ಮನ್ ಹಾಡು. ಆ ಕಾಲದ ಮ್ಯಾನ್‌ಹಟನ್ನಿನ ಪೂರ್ವ ಭಾಗದಲ್ಲಿ ‘ಕ್ಲೈನ್‌ಡಾಯ್ಚ್‌ಲ್ಯಾಂಡ್’, ಪುಟ್ಟ ಜರ್ಮನಿ, ಎಂಬ ಪೇಟೆಯೇ ಇತ್ತು. ಇಂಗ್ಲಿಷಿಲ್ಲದೆ ಜೀವನ ನಡೆಯುತ್ತಿತ್ತು.

1870ರ ಆಸುಪಾಸಿನಲ್ಲಿ ವಿಲಿಯಂ ಕ್ವೀನ್ಸ್‌ನಲ್ಲಿ ಸುಮಾರು 400 ಎಕರೆ ನೆಲ ಕೊಂಡು ಕಾರ್ಖಾನೆಗೆ ಕಾರ್ಮಿಕರ ಹಳ್ಳಿಯನ್ನೂ ಸೇರಿಸಿ ಕಟ್ಟಿಸಿದ. ಮನೆ, ಚರ್ಚು, ಪುಸ್ತಕಾಲಯ, ಶಿಶುವಿಹಾರ. ಧರ್ಮಬುದ್ಧಿ ಅನ್ನಿ, ಆದರೆ ನಗರದ ಸಮಾಜವಾದಿಗಳ ಮಾತು ಕೆಲಸಗಾರರ ಕಿವಿಗೆ ಬೀಳದಿರಲಿ ಎಂಬ ಎಣಿಕೆಯನ್ನು ಅವನೇ ಮುಚ್ಚಿಡಲಿಲ್ಲ. ಅಲ್ಲಿಂದ ಮ್ಯಾನ್‌ಹಟನ್ನಿಗೆ ನದಿಯಡಿ ಸುರಂಗ ತೋಡಿಸಲು ಹೊರಟದ್ದೂ ಅವನೇ. 1892ರ ಡಿಸೆಂಬರಿನಲ್ಲಿ ಸ್ಫೋಟವಾಗಿ ಐವರು ಸತ್ತರು, ಕೆಲಸ ನಿಂತಿತು. ಬೇರೆಯವರು ಮುಗಿಸಿದ ಆ ಸುರಂಗದಲ್ಲಿ ಇವತ್ತು 7ನೆಯ ನಂಬರಿನ ರೈಲು ಓಡುತ್ತದೆ.

ಈಗ ತಿಯೊಡೋರ್. 1865ರ ಮಾರ್ಚ್ ಒಂದೇ ತಿಂಗಳಲ್ಲಿ ತಮ್ಮಂದಿರಾದ ಹೆನ್ರಿ, ಚಾರ್ಲ್ಸ್ ಇಬ್ಬರೂ ತೀರಿಕೊಂಡರು. ವಯಸ್ಸಾದ ಅಪ್ಪ ಹಿರಿಮಗನನ್ನು ಕರೆದ. ತಿಯೊಡೋರ್ ಬ್ರೌನ್‌ಷ್ವೈಗಿನ ತನ್ನ ಪಿಯಾನೊ ಉದ್ಯಮವನ್ನು ಗ್ರೋಟ್ರಿಯಾನ್ ಮತ್ತಿತರ ಪಾಲುದಾರರಿಗೆ ಮಾರಿ ಅಮೆರಿಕಕ್ಕೆ ಬಂದ. ಮಾರುವಾಗ ‘ಷ್ಟೈನ್‌ವೇಗ್ ಉತ್ತರಾಧಿಕಾರಿಗಳು’ ಎಂದು ಹೇಳಿಕೊಳ್ಳುವ ಹಕ್ಕನ್ನೂ ಕೊಟ್ಟ. ತನಗೆ ಬೇಡವಾದ ಹೆಸರು ತಾನೆ, ಕೊಟ್ಟರೇನು ಅಂದುಕೊಂಡಿರಬಹುದು. 1880ರಲ್ಲಿ ಸ್ಟೈನ್‌ವೇ ಕಂಪನಿ ಹ್ಯಾಂಬರ್ಗಿನಲ್ಲೂ ಕಾರ್ಖಾನೆ ತೆರೆದಾಗ ಎರಡು ಹೆಸರೂ ಒಂದೇ ದೇಶದಲ್ಲಿ ಎದುರುಬದುರಾದವು. ಜಗಳ ಬೆಳೆದು 1919ರಲ್ಲಿ ಗ್ರೋಟ್ರಿಯಾನ್ ಮನೆಯವರು ತಮ್ಮ ಮನೆತನದ ಹೆಸರನ್ನೇ ಕಾನೂನುಬದ್ಧವಾಗಿ ಗ್ರೋಟ್ರಿಯಾನ್-ಷ್ಟೈನ್‌ವೇಗ್ ಎಂದು ಮಾಡಿಕೊಂಡರು. ರಕ್ತಸಂಬಂಧ ಇದ್ದವರು ಕಳಚಿಟ್ಟ ಹೆಸರನ್ನು ಸಂಬಂಧವಿಲ್ಲದವರು ತೊಟ್ಟುಕೊಂಡ ಹಾಗಾಯಿತು. ಕೊನೆಗೆ 1975ರಲ್ಲಿ ಅಮೆರಿಕದ ಮೇಲ್ಮನವಿ ಕೋರ್ಟು, ಈ ಹೆಸರು ಕೇಳಿದ ಗಿರಾಕಿ ಇದು ಸ್ಟೈನ್‌ವೇಗೆ ಸಂಬಂಧಿಸಿದ್ದು ಅಂದುಕೊಂಡು ಆಸಕ್ತಿ ತೋರುವ ಸಾಧ್ಯತೆಯೇ ಸಾಕು ಎಂದು ಸ್ಟೈನ್‌ವೇ ಪರ ತೀರ್ಪು ಕೊಟ್ಟಿತು. ಟ್ರೇಡ್‌ಮಾರ್ಕ್ ಕಾನೂನು ಓದುವವರು ಇವತ್ತಿಗೂ ಈ ತೀರ್ಪನ್ನು ಓದುತ್ತಾರೆ. ಉದುರಿದ ‘ಗ್’ ಅಕ್ಷರಕ್ಕೆ ಅಮೆರಿಕದಲ್ಲಿ ಪ್ರವೇಶವಿಲ್ಲ ಎಂದಾಯಿತು.

1853ರಲ್ಲಿ ವ್ಯಾಪಾರಕ್ಕೆಂದು ಮಾಡಿದ ಬದಲಾವಣೆಯನ್ನು 1917ರ ನಂತರ ಉಳಿದ ಜರ್ಮನ್ನರು ಜೀವಭಯಕ್ಕೆ ಮಾಡಿದರು. ಯುದ್ಧಕ್ಕೆ ಇಳಿದ ಅಮೆರಿಕದಲ್ಲಿ ಜರ್ಮನ್ ಮಾತು ದ್ರೋಹವಾಯಿತು. ಹುಳಿ ಎಲೆಕೋಸಿಗೆ ‘ಸ್ವಾತಂತ್ರ್ಯದ ಕೋಸು’ ಎಂದು ಹೆಸರಿಟ್ಟ ಹುಚ್ಚಾಟಕ್ಕೆ ನಗಬಹುದು. 1918ರ ಏಪ್ರಿಲಿನಲ್ಲಿ ಇಲಿನಾಯ್‌ನ ಕಾಲಿನ್ಸ್‌ವಿಲ್‌ನಲ್ಲಿ ರಾಬರ್ಟ್ ಪ್ರೇಗರ್ ಎಂಬ ಜರ್ಮನ್ ವಲಸಿಗನನ್ನು ಗುಂಪೊಂದು ಮರಕ್ಕೆ ನೇತುಹಾಕಿದ್ದಕ್ಕೆ ಹೇಗೆ ನಗುವುದು? ಅದರ ಮರುತಿಂಗಳು ಅಯೋವಾದ ಗವರ್ನರ್ ಸಾರ್ವಜನಿಕ ಜಾಗಗಳಲ್ಲಿ, ಟೆಲಿಫೋನಿನಲ್ಲಿ ಕೂಡ, ಇಂಗ್ಲಿಷ್ ಬಿಟ್ಟು ಬೇರೆ ಭಾಷೆ ಆಡಕೂಡದೆಂದ. ಷ್ಮಿಟ್‌ಗಳು ಸ್ಮಿತ್ ಆದರು, ಮ್ಯುಲರ್‌ಗಳು ಮಿಲ್ಲರ್ ಆದರು. ಇವತ್ತು ಬೇರು ಹುಡುಕುವ ಎಷ್ಟೋ ಮೊಮ್ಮಕ್ಕಳಿಗೆ ದಾರಿ ಮುಚ್ಚಿಹೋಗುವುದು ಆ ವರ್ಷಗಳಲ್ಲೇ.

ಎರಡನೆಯ ಯುದ್ಧದಲ್ಲಿ ಸ್ಟೈನ್‌ವೇಗಳ ಸ್ಥಿತಿ ಇನ್ನೂ ವಿಚಿತ್ರ. ನ್ಯೂಯಾರ್ಕ್ ಕಾರ್ಖಾನೆ ಅಮೆರಿಕದ ಸೇನೆಗೆ ಮರದ ಗ್ಲೈಡರ್ ಭಾಗಗಳನ್ನೂ ಸೈನಿಕರ ಮನರಂಜನೆಗೆ ಗಟ್ಟಿಮುಟ್ಟಾದ ಪುಟ್ಟ ಪಿಯಾನೊಗಳನ್ನೂ ಮಾಡಿತು. ಹ್ಯಾಂಬರ್ಗಿನದನ್ನು ನಾಜಿ ಸರ್ಕಾರ ಶತ್ರುದೇಶದ ಆಸ್ತಿ ಎಂದು ವಶಪಡಿಸಿಕೊಂಡಿತು. ಅದರ ಮೇಲೆ ಬಾಂಬು ಹಾಕಿದ್ದು ಮಿತ್ರಪಡೆಯ ವಿಮಾನಗಳು. 1972ರಲ್ಲಿ ಕುಟುಂಬ ಕಂಪನಿಯನ್ನು ಸಿಬಿಎಸ್‌ಗೆ ಮಾರಿತು. ಮನೆತನದ ಕೊನೆಯ ಅಧ್ಯಕ್ಷ ಹೆನ್ರಿ ಜ಼ೀಗ್ಲರ್ ಸ್ಟೈನ್‌ವೇ 2008ರಲ್ಲಿ ತೀರಿಕೊಂಡರು. ವಿಲಿಯಂನ ದಿನಚರಿಯನ್ನು ಸ್ಮಿತ್ಸೋನಿಯನ್‌ಗೆ ಕೊಟ್ಟವರು ಅವರೇ.

ಈಗ ಬೇರು ಹುಡುಕಿಕೊಂಡು ಯಾರಾದರೂ ಸೇಸೆನ್‌ಗೆ ಹೋದರೆ ಅಲ್ಲೊಂದು ಉದ್ಯಾನ ಸಿಗುತ್ತದೆ. ಊರು ಬಿಟ್ಟ ಮೇಲೂ ಊರಿಗೆ ಹಣ ಕಳಿಸುತ್ತಿದ್ದ ವಿಲಿಯಂನ ನೆನಪಿಗೆ ಇಟ್ಟ ಹೆಸರು ಅದರದು: ಸ್ಟೈನ್‌ವೇ ಪಾರ್ಕ್. ಷ್ಟೈನ್‌ವೇಗ್ ಅಲ್ಲ. ಹೈನ್ರಿಖ್ ಹುಟ್ಟಿದ ವೋಲ್ಫ್ಸ್‌ಹಾಗೆನ್‌ಗೂ ಸೇಸೆನ್‌ಗೂ ನಡುವೆ ಕಾಡಿನೊಳಗೆ ಚಾರಣಿಗರಿಗಾಗಿ ಒಂದು ಹಾದಿ ಮಾಡಿದ್ದಾರೆ. ಅದಕ್ಕೂ ‘ಸ್ಟೈನ್‌ವೇ ಟ್ರೇಲ್’ ಎಂದೇ ಹೆಸರು. ಕನ್ನಡದಲ್ಲಿ ಹೇಳುವುದಾದರೆ, ಕಲ್ಲುದಾರಿಯ ಕಾಲುದಾರಿ.