ಇಐಎ ಅಂದರೇನು? ಹೊಸ ರಸ್ತೆಗೊಂದು ಲೆಕ್ಕ, ಅಗಲೀಕರಣಕ್ಕೊಂದು ಲೆಕ್ಕ

ನಮ್ಮೂರಿನ ಹೆದ್ದಾರಿ ಪಕ್ಕದ ಹುಣಸೆ ಮರಗಳ ತೊಗಟೆ ಕೆತ್ತಿ ಯಾರೋ ಕೆಂಪು ಬಣ್ಣದಲ್ಲಿ ನಂಬರ್ ಬರೆದು ಹೋಗಿದ್ದರು. 214, 215, 216. ಟೀ ಅಂಗಡಿಯಲ್ಲಿ ಒಬ್ಬರು "ಇಐಎ ಶುರುವಾಯ್ತು" ಅಂದರು. ಅಲ್ಲ, ಅದು ಮರ ಕಡಿಯಲು ಅರಣ್ಯ ಇಲಾಖೆಯ ಒಪ್ಪಿಗೆ ಕೇಳುವ ಮುಂಚಿನ ಎಣಿಕೆ. ಅದರ ಕಾನೂನೇ ಬೇರೆ, 1976ರದ್ದು.

ಇಐಎ ಅಂದರೆ ಪರಿಸರ ಪರಿಣಾಮ ಮೌಲ್ಯಮಾಪನ. ರಸ್ತೆ ಬಂದರೆ ಕೆರೆಗೆ ನೀರು ತರುವ ಹಳ್ಳ ಏನಾಗುತ್ತದೆ, ಧೂಳು ಎಷ್ಟು, ಯಾರ ಜಮೀನು ಹೋಗುತ್ತದೆ, ರಸ್ತೆಯನ್ನು ಬೇರೆ ಕಡೆಯಿಂದ ತರಬಹುದಾ, ಇದನ್ನೆಲ್ಲ ಕೆಲಸಕ್ಕೆ ಕೈ ಹಾಕುವ ಮೊದಲೇ ಅಳೆದು ಬರೆದಿಡುವುದು. ಈಗ ನಡೆಯುತ್ತಿರುವುದು ಕೇಂದ್ರದ 2006ರ ಅಧಿಸೂಚನೆಯ ಪ್ರಕಾರ. ಕರಡು ವರದಿ ಆದ ಮೇಲೆ ಸಾರ್ವಜನಿಕ ಅಹವಾಲು ಸಭೆ ಇರುತ್ತದೆ, 30 ದಿನ ಮುಂಚೆ ಪೇಪರ್‌ನಲ್ಲಿ ಹಾಕಬೇಕು, ವರದಿಯ ಸಾರಾಂಶ ಕನ್ನಡದಲ್ಲೂ ಸಿಗಬೇಕು. ಸಿಕ್ಕರೆ ಮೊದಲು ನಿಮ್ಮೂರಿನ ಕೆರೆ ಹೆಸರು ಅದರಲ್ಲಿ ಇದೆಯಾ ನೋಡಿ.

ಯಾಕೆ ಹೇಳಿದೆ ಅಂದರೆ, ವರದಿ ಇದ್ದ ಮಾತ್ರಕ್ಕೆ ಅದು ಸರಿ ಇರುತ್ತದೆ ಅಂತೇನಿಲ್ಲ. ಬೆಂಗಳೂರಿನ ಪೆರಿಫೆರಲ್ ರಿಂಗ್ ರೋಡ್ ನೆನಪಿದೆ ಅಲ್ವಾ, ತುಮಕೂರು ರಸ್ತೆಯಿಂದ ಹೊಸೂರು ರಸ್ತೆವರೆಗೆ ಸುಮಾರು 65 ಕಿ.ಮೀ. ಅದರ ವರದಿಯಲ್ಲಿ ಹೋಗುವ ಮರ ಕೆಲವೇ ನೂರು ಅಂತಿತ್ತು, ಆಮೇಲೆ ನೋಡಿದರೆ 16 ಸಾವಿರದ ಮೇಲೆ! ಬಳಸಿದ ಮಾಹಿತಿಯೂ ಮೂರು ವರ್ಷಕ್ಕಿಂತ ಹಳೆಯದು. 2020ರ ಮಾರ್ಚ್‌ನಲ್ಲಿ ಸುಪ್ರೀಂ ಕೋರ್ಟ್ ಹೊಸದಾಗಿ ಇಐಎ ಮಾಡಿ ಅಂತ ಆ ರಸ್ತೆ ಮಾಡಿಸುವ ಬಿಡಿಎಗೆ (ಬೆಂಗಳೂರು ಅಭಿವೃದ್ಧಿ ಪ್ರಾಧಿಕಾರ) ಹೇಳಿತು.

ಇದು ಹೊಸ ರಸ್ತೆಯ ಕಥೆ. ಇರುವ ರಸ್ತೆಯನ್ನೇ ಅಗಲ ಮಾಡಿದರೆ? ಹೊಸ ರಾಷ್ಟ್ರೀಯ ಹೆದ್ದಾರಿಗೆ ಇಐಎ ವರದಿ ನೋಡಿ ಕೊಡುವ ಪರಿಸರ ಅನುಮತಿ ಬೇಕೇ ಬೇಕು ಅಂತ 2006ರ ನಿಯಮ. ವಿಸ್ತರಣೆಗೆ ಮಾತ್ರ ಉದ್ದ 30 ಕಿ.ಮೀ. ದಾಟಬೇಕು ಅಂತಿತ್ತು, 2013ರಲ್ಲಿ ಅದನ್ನು 100 ಕಿ.ಮೀ.ಗೆ ಏರಿಸಿದರು. ಅದೂ ಸಾಲದು, ಹೆಚ್ಚುವರಿ ಜಾಗದ ಅಗಲ ಹಳೇ ದಾರಿಯಲ್ಲಿ 40 ಮೀಟರ್, ಬೈಪಾಸ್‌ನಲ್ಲಿ 60 ಮೀಟರ್ ಮೀರಿರಬೇಕು. ನಮ್ಮೂರಿನದು 38 ಕಿ.ಮೀ. ಅಗಲೀಕರಣ. ಅಲ್ಲಿಗೆ ಮುಗಿಯಿತು, ಹುಣಸೆ ಮರಕ್ಕೆ ನಂಬರ್ ಬಂತು, ವರದಿ ಗಿರದಿ ಏನೂ ಇಲ್ಲ. ನನಗಂತೂ ಇದು ಸರಿ ಕಾಣುವುದಿಲ್ಲ, ಎರಡು ಲೇನ್ ಇದ್ದದ್ದು ನಾಲ್ಕಾದರೆ ಹಳ್ಳಕ್ಕೆ ಅದು ಹೊಸ ರಸ್ತೆಯೇ.

ಇನ್ನು ಉದ್ದದ ರಸ್ತೆಯನ್ನು ಪ್ಯಾಕೇಜ್ ಪ್ಯಾಕೇಜ್ ಮಾಡಿ ಒಂದೊಂದೂ 100ರ ಒಳಗೇ ಇದೆ ಅನ್ನುವ ಜಾಣತನ. ತಮಿಳುನಾಡಿನ ವಿಲ್ಲುಪುರಂ–ನಾಗಪಟ್ಟಿಣಂ ಹೆದ್ದಾರಿ ವಿಷಯದಲ್ಲಿ ಇದು ಸುಪ್ರೀಂ ಕೋರ್ಟ್‌ವರೆಗೆ ಹೋಯಿತು. ಇಐಎ ತಪ್ಪಿಸಿಕೊಳ್ಳಲು ಹೀಗೆ ತುಂಡು ಮಾಡುವಂತಿಲ್ಲ ಅಂತ ಕೋರ್ಟ್ 2021ರಲ್ಲಿ ಹೇಳಿತು, ಆದರೆ ಆ ರಸ್ತೆಗೆ ಅನುಮತಿ ಬೇಕಿಲ್ಲ ಅಂತಲೂ ಹೇಳಿತು, ಯಾಕೆಂದರೆ ಅಲ್ಲಿ ಅಗಲ 40–60 ಮೀಟರ್ ದಾಟಿರಲಿಲ್ಲ.

ಅಂದ ಹಾಗೆ, ರೈಲು ಮಾರ್ಗ ಇಐಎ ಬೇಕಾದ ಯೋಜನೆಗಳ 2006ರ ಪಟ್ಟಿಯಲ್ಲೇ ಇಲ್ಲ. ಕಾಡು ಸಿಕ್ಕರೆ ಅರಣ್ಯದ ಅನುಮತಿ ಬೇಕು, ಇಐಎ ಬೇಕಿಲ್ಲ.