ಸೇಫ್ ಸೆಕ್ಸ್ ಪಾಠಕ್ಕೆ ಇಷ್ಟೊಂದು ಜಗಳ ಯಾಕೆ? ಸ್ವಲ್ಪ ಹಿಂದಿನ ಕಥೆ

ಹುಡುಗ ಹುಡುಗಿಯರಿಗೆ ಲೈಂಗಿಕ ಶಿಕ್ಷಣ ಬೇಕಾ ಬೇಡ್ವಾ ಅಂತ ಚರ್ಚೆ ಶುರುವಾದ್ರೆ ಸಾಕು, ಒಬ್ರು ರೋಗದ ಬಗ್ಗೆ ಮಾತಾಡ್ತಿರ್ತಾರೆ, ಇನ್ನೊಬ್ರು ಬಸಿರಿನ ಬಗ್ಗೆ, ಮತ್ತೊಬ್ರು ಸಂಸ್ಕಾರದ ಬಗ್ಗೆ, ಈಗೀಗ ಕನ್ಸೆಂಟ್ (ಇಬ್ಬರ ಒಪ್ಪಿಗೆ) ಅನ್ನೋದೂ ಸೇರ್ಕೊಂಡಿದೆ, ಕೊನೆಗೆ ಯಾರು ಯಾವ ಪ್ರಶ್ನೆಗೆ ಉತ್ತರ ಕೊಡ್ತಿದಾರೆ ಅಂತಾನೇ ಗೊತ್ತಾಗಲ್ಲ. ಇವೆಲ್ಲ ಬೇರೆ ಬೇರೆ ಕಾಲದಲ್ಲಿ ಹುಟ್ಟಿದ ಪಾಠಗಳು, ಹಳೇದನ್ನ ತೆಗೀದೇ ಅದರ ಮೇಲೆ ಹೊಸದನ್ನ ಹೇರ್ತಾ ಬಂದಿದಾರೆ ಅಷ್ಟೇ.

ಮೊದಲಿನದ್ದು ಬೇಗ ಹೇಳಿಬಿಡ್ತೀನಿ. 19ನೇ ಶತಮಾನದ ಮಧ್ಯದಲ್ಲಿ ರಬ್ಬರ್ ಕಾಂಡೋಮ್ ಬಂತು, 1920ರ ದಶಕದಲ್ಲಿ ಲೇಟೆಕ್ಸ್‌ದು (ರಬ್ಬರ್ ಹಾಲಿಂದ ಮಾಡೋ ತೆಳು ರಬ್ಬರ್), ಎರಡು ಮಹಾಯುದ್ಧಗಳಲ್ಲಿ ಸೈನಿಕರಿಗೆ ಗುಪ್ತರೋಗದ ಎಚ್ಚರಿಕೆ ಪೋಸ್ಟರ್‌ಗಳು (ಬಹಳಷ್ಟರಲ್ಲಿ ತಪ್ಪೆಲ್ಲ ಹೆಂಗಸಿನದೇ), 1940ರ ದಶಕದಲ್ಲಿ ಸಿಫಿಲಿಸ್ ಅನ್ನೋ ಗುಪ್ತರೋಗಕ್ಕೆ ಪೆನಿಸಿಲಿನ್, 1955ರಲ್ಲಿ ಸ್ವೀಡನ್ ಶಾಲೆಗಳಲ್ಲಿ ಲೈಂಗಿಕ ಶಿಕ್ಷಣ ಕಡ್ಡಾಯ, 1960ರಲ್ಲಿ ಅಮೆರಿಕದಲ್ಲಿ ಗರ್ಭನಿರೋಧಕ ಮಾತ್ರೆಗೆ ಒಪ್ಪಿಗೆ. ರೋಗಕ್ಕೆ ಇಂಜೆಕ್ಷನ್ ಇದೆ, ಬಸಿರಿಗೆ ಮಾತ್ರೆ ಇದೆ, ಇನ್ನೇನು ಕಲಿಸೋದು ಅಂತ ಎಷ್ಟೋ ಕಡೆ ಸುಮ್ಮನಾಗಿಬಿಟ್ರು.

1981ರ ಜೂನ್‌ನಲ್ಲಿ ಲಾಸ್ ಏಂಜಲೀಸ್‌ನ ಐದು ಜನ ಯುವಕರಿಗೆ ಅಪರೂಪದ ನ್ಯುಮೋನಿಯಾ ಬಂದಿದೆ ಅಂತ ಒಂದು ಪುಟ್ಟ ವರದಿ ಬಂತು, ಆಮೇಲೆ ಏಡ್ಸ್ ಅಂತ ಹೆಸರಾದ ಕಾಯಿಲೆ ಅದು, ಅಲ್ಲಿಂದ ಎಲ್ಲಾ ತಿರುಗಿತು. ನಂಗೆ ಈ ಘಟ್ಟದಲ್ಲಿ ತುಂಬ ಮುಖ್ಯ ಅನ್ಸೋದು 1983. ವೈರಸ್ ಯಾವುದು ಅಂತ ಇನ್ನೂ ಪಕ್ಕಾ ಆಗಿರ್ಲಿಲ್ಲ, ನ್ಯೂಯಾರ್ಕ್‌ನಲ್ಲಿ ಇಬ್ರು ಗೇ ಯುವಕರು, ಇಬ್ರೂ ಖುದ್ದು ಕಾಯಿಲೆ ಬಿದ್ದವರು, ಒಬ್ಬ ಡಾಕ್ಟರ್ ಸಲಹೆ ತಗೊಂಡು ಒಂದು ಪುಟ್ಟ ಪುಸ್ತಕ ಬರೆದ್ರು. ಸೆಕ್ಸೇ ಬಿಡಿ ಅನ್ಲಿಲ್ಲ, ಒಬ್ಬರ ದೇಹದ ದ್ರವ ಇನ್ನೊಬ್ಬರೊಳಗೆ ಹೋಗದ ಹಾಗೆ ನೋಡ್ಕೊಳ್ಳಿ, ಕಾಂಡೋಮ್ ಹಾಕಿ ಅಂದ್ರು. ಕಾಯಿಲೆಗೆ ಅವರು ಕೊಟ್ಟ ಕಾರಣ ಆಮೇಲೆ ತಪ್ಪು ಅಂತಾಯ್ತು, ಸಲಹೆ ಮಾತ್ರ ಇವತ್ತಿಗೂ ಸರಿ! ಇನ್ನೊಂದು ವಿಷ್ಯ ಏನಂದ್ರೆ ಅದರಲ್ಲಿ ಪ್ರೀತಿಯ ಮಾತೂ ಇತ್ತು, ಒಂದೇ ರಾತ್ರಿಯ ಜೊತೆಗಾರನಾದ್ರೂ ಅವನಿಗೆ ಕಾಯಿಲೆ ತಗುಲಬಾರದು ಅನ್ನೋ ಕಾಳಜಿ ಬೇಕು ಅಂತ.

ಸರ್ಕಾರಗಳು ಕೈಗೆತ್ತಿಕೊಂಡಾಗ ಆ ಭಾಗ ಬಿಟ್ಟುಹೋಯ್ತು. 1987ರಲ್ಲಿ ಬ್ರಿಟನ್ ಮನೆಮನೆಗೂ ಕರಪತ್ರ ಹಂಚಿತು, ಟಿವಿಯಲ್ಲಿ ಕಲ್ಲಿನ ಮೇಲೆ ಏಡ್ಸ್ ಅಂತ ಉಳಿಯಿಂದ ಕೆತ್ತೋ ಜಾಹೀರಾತು ಬಂತು. ಅದೇ ವರ್ಷ ಆಸ್ಟ್ರೇಲಿಯಾ ಟಿವಿಯಲ್ಲಿ ಕುಡುಗೋಲು ಹಿಡಿದ ಸಾವಿನ ಆಕೃತಿ ಬೌಲಿಂಗ್ ಆಡ್ತಾ ಇರುತ್ತೆ, ಪಿನ್‌ಗಳ ಜಾಗದಲ್ಲಿ ಗಂಡಸರು, ಹೆಂಗಸರು, ಮಕ್ಕಳು ನಿಂತಿರ್ತಾರೆ, ಚೆಂಡು ಬಂದು ಬಡಿದ್ರೆ ಎಲ್ರೂ ಉರುಳ್ತಾರೆ. ಜನ ಎಚ್ಚೆತ್ತಿದ್ದು ನಿಜ, ಕೆಲಸಕ್ಕೆ ಬಾರದ್ದು ಅಂತ ಹೇಳಕ್ಕಾಗಲ್ಲ, ಆದ್ರೆ ನೋಡಿದವರಲ್ಲಿ ಎಷ್ಟೋ ಜನ ಕಾಯಿಲೆಯವರನ್ನೇ ಆ ಸಾವಿನ ಆಕೃತಿ ಅಂದ್ಕೊಂಡ್ರು. ಹೆದರಿದವರು ಟೆಸ್ಟ್ ಮಾಡಿಸ್ತಾರಾ ಅಥವಾ ಮುಚ್ಚಿಡ್ತಾರಾ?

1996ರಲ್ಲಿ ಎಚ್‌ಐವಿಗೆ (ಏಡ್ಸ್ ತರೋ ವೈರಸ್) ಒಳ್ಳೇ ಔಷಧಿ ಕಾಂಬಿನೇಷನ್ ಸಿಕ್ತು. ಅದೇ ವರ್ಷ ಅಮೆರಿಕದಲ್ಲಿ ಮದುವೆ ತನಕ ಸೆಕ್ಸ್ ಬೇಡ ಅಂತಷ್ಟೇ ಕಲಿಸೋ ಕಾರ್ಯಕ್ರಮಗಳಿಗೆ ವರ್ಷಕ್ಕೆ 5 ಕೋಟಿ ಡಾಲರ್ ಇಡೋ ಕಾನೂನು ಆಯ್ತು. ಅಲ್ಲಿನ ಸಂಸತ್ತೇ ಹೇಳಿ ಮಾಡಿಸಿದ ಅಧ್ಯಯನದ ಫಲಿತಾಂಶ 2007ರಲ್ಲಿ ಬಂತು, ಆ ಪಾಠ ಕೇಳಿದ ಮಕ್ಕಳಿಗೂ ಕೇಳದ ಮಕ್ಕಳಿಗೂ ನಡವಳಿಕೆಯಲ್ಲಿ ಹೇಳಿಕೊಳ್ಳೋ ವ್ಯತ್ಯಾಸ ಇರ್ಲಿಲ್ಲ. ವಾದ ಮಾತ್ರ ಇವತ್ತಿಗೂ ನಿಂತಿಲ್ಲ.

2009ರಲ್ಲಿ ವಿಶ್ವಸಂಸ್ಥೆಯ ಶಿಕ್ಷಣ ಸಂಸ್ಥೆ ಯುನೆಸ್ಕೋ ಲೈಂಗಿಕ ಶಿಕ್ಷಣಕ್ಕೆ ಮಾರ್ಗಸೂಚಿ ತಂತು, 2018ರಲ್ಲಿ ತಿದ್ದಿತು. ಅದರಲ್ಲಿ ಒಪ್ಪಿಗೆ, ಗೌರವ, ದಬ್ಬಾಳಿಕೆ ಎಲ್ಲಾ ಇದೆ. 2020ರ ಸೆಪ್ಟೆಂಬರ್‌ನಿಂದ ಇಂಗ್ಲೆಂಡ್‌ನ ಶಾಲೆಗಳಲ್ಲಿ ಸಂಬಂಧಗಳ ಪಾಠ ಕಡ್ಡಾಯ. ಇದೆಲ್ಲ ಮೆತ್ತನೆ ವಿಷ್ಯ, ರೋಗದ ಪಾಠ ಸಾಕು ಅನ್ನೋರು ಕಾಂಡೋಮ್ ಲೆಕ್ಕ ನೋಡಬೇಕು. ಪ್ರತಿ ಸಲ ಸರಿಯಾಗಿ ಬಳಸಿದ್ರೆ ವರ್ಷಕ್ಕೆ 100ರಲ್ಲಿ ಸುಮಾರು 2 ಜೋಡಿಗೆ ಗರ್ಭ ನಿಲ್ಲುತ್ತೆ, ಜನ ನಿಜವಾಗಿ ಬಳಸೋ ರೀತಿಯಲ್ಲಿ ಸುಮಾರು 13. ಎಕ್ಸ್‌ಪೈರಿ ಡೇಟ್ ನೋಡಲ್ಲ, ಹಲ್ಲಲ್ಲಿ ಪ್ಯಾಕೆಟ್ ಹರೀತಾರೆ, ಎಣ್ಣೆ ಹಚ್ತಾರೆ (ಲೇಟೆಕ್ಸ್ ಹಾಳಾಗುತ್ತೆ), ಇವೆಲ್ಲ ಸರಿ, ಆದ್ರೆ "ಇವತ್ತೊಂದಿನ ಕಾಂಡೋಮ್ ಬೇಡ ಬಿಡು" ಅಂದಾಗ "ಹಾಗಾದ್ರೆ ನಂಗೆ ಸೆಕ್ಸೂ ಬೇಡ" ಅನ್ನೋಕೆ ಬಾಯಿ ಬರದೇ ಇರೋದು ಯಾವ ಡೆಮೋದಲ್ಲೂ ಕಾಣ್ಸಲ್ಲ. ಜೊತೆಗಾರರಿಗೆ ಹೇಳದೇ ಕಾಂಡೋಮ್ ತೆಗೆಯೋದ್ರ ವಿರುದ್ಧ ಕ್ಯಾಲಿಫೋರ್ನಿಯಾ ಕಾನೂನು ಮಾಡಿದ್ದು 2021ರಲ್ಲಿ, ಇಷ್ಟು ತಡವಾಗಿ.

ವಿಶ್ವ ಆರೋಗ್ಯ ಸಂಸ್ಥೆ ಲೆಕ್ಕದಲ್ಲಿ ವಾಸಿಮಾಡಬಹುದಾದ ಲೈಂಗಿಕ ಸೋಂಕುಗಳು ದಿನಕ್ಕೆ 10 ಲಕ್ಷಕ್ಕೂ ಜಾಸ್ತಿ ಹೊಸದಾಗಿ ಅಂಟ್ತಿವೆ, ಹೆಚ್ಚಿನವಕ್ಕೆ ಲಕ್ಷಣಾನೇ ಇರಲ್ಲ, ಅಂದ್ರೆ ಮುಖ ನೋಡಿ ಹೇಳಕ್ಕಾಗಲ್ಲ, ಟೆಸ್ಟ್ ಮಾಡಿಸಿದೀಯಾ ಅಂತ ಕೇಳ್ಲೇಬೇಕು. ಕಾಂಡೋಮ್ ಹರಿದ್ರೆ ಬಸಿರು ತಡೆಯೋ ಎಮರ್ಜೆನ್ಸಿ ಮಾತ್ರೆ ಎಷ್ಟು ಬೇಗ ತಗೊಂಡ್ರೆ ಅಷ್ಟು ಒಳ್ಳೇದು, 5 ದಿನ ದಾಟಬಾರದು. ಎಚ್‌ಐವಿ ಅನುಮಾನ ಇದ್ರೆ ತಡೆಯೋ ಔಷಧಿ 72 ಗಂಟೆಯೊಳಗೆ ಶುರುವಾಗ್ಬೇಕು, 28 ದಿನ ತಗೋಬೇಕು. ಆ 72 ಗಂಟೆಯಲ್ಲಿ ಎಷ್ಟೋ ಹುಡುಗರು ಹುಡುಗಿಯರು ಅರ್ಧ ಕಳೆಯೋದು ಇದನ್ನ ಯಾರ ಹತ್ರ ಹೇಳೋದು ಅನ್ನೋ ಯೋಚನೆಯಲ್ಲೇ.